ಆಸ್ಟ್ರೇಲಿಯಾದ ಕಾದಂಬರಿ ಕೇಳ್ಕೊಂಡು ಬರ್ತಿದಾರೆ, ಯಾರಿಗೆ ಎಂತ ಕೊಡ್ಲಿ?

ಹೊಳೆಸಾಲು:
ಕುಮಟಾ ತಾಲೂಕಿನ ಒಂದು ಪಂಚಾಯ್ತಿ ಲೈಬ್ರರಿ ನೋಡ್ಕೊಳ್ತೀನಿ. ಬರೋರು ಹೆಚ್ಚಿಗೆ ಪೇಪರ್ ಓದೋರು, ಎಕ್ಸಾಮ್‌ಗೆ ಕೂತ ಹುಡುಗ್ರು, ಮತ್ತೆ ಕಾದಂಬರಿ ಓದೋ ಹೆಂಗಸ್ರು. ಈಗ ಊರಿನ ಏಳೆಂಟು ಮನೆ ಮಕ್ಳು ಮೆಲ್ಬರ್ನ್, ಪರ್ತ್ ಸೇರಿದಾರೆ, ಅಪ್ಪ ಅಮ್ಮ ಆರಾರು ತಿಂಗ್ಳು ಹೋಗಿ ಬರ್ತಾರೆ. ಮೊನ್ನೆ ರಿಟೈರ್ ಆದ ಮಾಸ್ತರ್ರೊಬ್ರು, ಮಗಳ ಬಾಣಂತನಕ್ಕೆ ಹೆಂಡ್ತಿ ಜೊತೆ ಪರ್ತ್‌ಗೆ ಹೊರಟೋರು, ರಿಜಿಸ್ಟರ್‌ಗೆ ಸಹಿ ಹಾಕ್ತಾ "ತಂಗೀ, ಆ ದೇಶದ ಮಂದಿ ತಮ್ ಕಥೆ ತಾವೇ ಬರ್ಕೊಂಡಿದ್ದು ಎಂತಾದ್ರೂ ಇದ್ಯನೇ" ಅಂತ ಕೇಳಿದ್ರು. ಕಪಾಟೆಲ್ಲ ಹುಡುಕಿದೆ, ಕ್ರಿಕೆಟ್ ಆಟಗಾರನ ಆತ್ಮಕಥೆ ಒಂದು ಬಿಟ್ರೆ ಬೇರೆ ಇಲ್ಲ. ಅವರನ್ನ ಬರಿಗೈಲಿ ಕಳ್ಸಿದ್ದು ಇನ್ನೂ ಮನಸ್ಸಲ್ಲಿ ಕೊರೀತಿದೆ.

ಊರಿನೋರೊಬ್ರು ಐದಾರು ಪುಸ್ತಕಕ್ಕೆ ದುಡ್ಡು ಕೊಡ್ತೀನಿ ಅಂದಿದಾರೆ. ಇಂಗ್ಲಿಷಲ್ಲಿದ್ರೂ ಆಯ್ತು, ಆದ್ರೆ ಸಾಲಿಗೊಂದ್ಸಲ ಡಿಕ್ಷನರಿ ತೆಗೆಯೋ ಹಾಗೆ ಇರ್ಬಾರ್ದು. ಗೂಗಲ್ ಮಾಡಿದ್ರೆ ಪ್ರಶಸ್ತಿ ಪಟ್ಟಿ ಬರತ್ತೆ, ಓದಿದೋರ ಮಾತು ಸಿಗಲ್ಲ, ಅದ್ಕೆ ಇಲ್ಲಿ ಕೇಳ್ತಿದೀನಿ.

ಮಿರ್ಜಾನಿನವ:
ಅಕ್ಕಾ, ನಾಲ್ಕು ವರ್ಷ ಪರ್ತ್‌ನಲ್ಲಿ ಕೆಲಸ ಮಾಡಿ ಬಂದವ ನಾನು. ಮಾಸ್ತರ್ರಿಗೆ ಕಣ್ಣುಮುಚ್ಚಿ ಟಿಮ್ ವಿಂಟನ್ ಬರೆದ 'ಬ್ಲೂಬ್ಯಾಕ್' (1997) ಕೊಡಿ. ಸಣ್ಣ ಪುಸ್ತಕ, ಒಂದು ಮಧ್ಯಾಹ್ನ ಸಾಕು. ವಿಂಟನ್ ಪಶ್ಚಿಮ ಆಸ್ಟ್ರೇಲಿಯಾದವರೇ, ಆ ಕರಾವಳಿಯನ್ನೇ ಬರೀತಾರೆ. ಕಡಲ ದಂಡೆಲಿ ತಾಯಿ ಮಗ ಇಬ್ರೇ ಇರ್ತಾರೆ, ಹುಡುಗ ಅಬಲೋನ್ ಅನ್ನೋ ಚಿಪ್ಪು ಕೀಳೋಕೆ ನೀರಲ್ಲಿ ಮುಳುಗಿದಾಗ ಒಂದು ಭಾರೀ ನೀಲಿ ಮೀನು ಹತ್ರ ಬರತ್ತೆ, ಅಲ್ಲಿಂದ ಅವನಿಗೂ ಮೀನಿಗೂ ಜೀವಮಾನದ ನಂಟು. ಆಮೇಲೆ ಚಿಪ್ಪನ್ನೆಲ್ಲ ಬಾಚ್ಕೊಂಡು ಹೋಗೋನೊಬ್ಬ ಬರ್ತಾನೆ, ಜಾಗ ಕೊಳ್ತೀವಿ ಅಂತ ದುಡ್ಡಿನೋರು ಬರ್ತಾರೆ, ಆ ತಾಯಿ ಜಗ್ಗಲ್ಲ. ಅಘನಾಶಿನಿಲಿ ನೀರು ಇಳಿದಾಗ ಸೊಂಟ ಬಗ್ಗಿಸಿ ಕೆಸರಲ್ಲಿ ಬಳಚು ಚಿಪ್ಪು ಆರಿಸೋ ನಮ್ಮ ಹೆಂಗಸ್ರು, ತದಡಿಗೆ ಯೋಜನೆ ಬರತ್ತೆ ಅಂದಾಗಿನ ಆ ಗಲಾಟೆ, ಇದೆಲ್ಲ ಕಂಡೋರಿಗೆ ಆ ಕಥೆನ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ನಾನು ಅಲ್ಲಿ ರೂಮಲ್ಲಿ ಒಬ್ನೇ ಕೂತು ಓದಿ, ಮುಗಿದ್ಮೇಲೆ ಅಮ್ಮಂಗೆ ಫೋನ್ ಮಾಡಿದ್ದೆ.

ಪತ್ತೇದಾರಿ ಇಷ್ಟ ಪಡೋರಿಗೆ ಜೇನ್ ಹಾರ್ಪರ್ ಅವರ 'ದ ಡ್ರೈ' (2016). ಮಳೆ ಕಾಣದೆ ಹೊಲ ಒಣಗಿ, ಸಾಲದಲ್ಲಿ ಮುಳುಗಿ, ಒಬ್ಬರನ್ನೊಬ್ರು ಸಂಶಯದಿಂದ ನೋಡೋ ಹಳ್ಳಿ. ಆಷಾಢದ ಮಳೇಲಿ ಜಗಲಿ ಮೇಲೆ ಕೂತು ಓದಿದ್ರೂ ಗಂಟಲು ಒಣಗತ್ತೆ. ಆದ್ರೆ ಶುರುವಲ್ಲೇ ಒಂದು ಮನೆಯವರ ಕೊಲೆ ಇದೆ, ಸಣ್ಣ ಹುಡುಗನೂ ಅದ್ರಲ್ಲಿ ಸೇರಿದಾನೆ, ಹೈಸ್ಕೂಲು ಮಕ್ಕಳ ಕೈಗೆ ಬೇಡ.

ಪ್ಯಾಟ್ರಿಕ್ ವೈಟ್ ದೊಡ್ಡ ಲೇಖಕ, 1973ರಲ್ಲಿ ನೊಬೆಲ್ ಬಂತು, ಅವರ 'ವಾಸ್' ಕಾದಂಬರಿಗೇ ಮೊಟ್ಟಮೊದಲ ಮೈಲ್ಸ್ ಫ್ರಾಂಕ್ಲಿನ್, ಅಂದ್ರೆ ಅಲ್ಲಿನ ದೊಡ್ಡ ಸಾಹಿತ್ಯ ಪ್ರಶಸ್ತಿ ಸಿಕ್ಕಿದ್ದು. ನಂಗೆ ಅವರ ಬಗ್ಗೆ ಬಹಳ ಗೌರವ. ಆದ್ರೆ ಮೊದಲ್ನೇ ಪುಸ್ತಕ ಅದಾದ್ರೆ ಓದೋರು ಎರಡನೇದು ಕೇಳೋಕೆ ಬರಲ್ಲ.

ಕಾರವಾರದವಳು:
ನೀವು 'ದ ಯೀಲ್ಡ್' ತಗೊಳ್ಳಲೇಬೇಕು. ತಾರಾ ಜೂನ್ ವಿಂಚ್ ಬರೆದಿದ್ದು, 2019ರದ್ದು, ಮರುವರ್ಷ ಮೈಲ್ಸ್ ಫ್ರಾಂಕ್ಲಿನ್ ಬಂತು. ಲೇಖಕಿ ಅಲ್ಲಿನ ಮೂಲ ಜನಾಂಗದವರು, ವಿರಾಡ್ಜುರಿ. ಅಜ್ಜ ಸಾಯೋ ಮೊದ್ಲು ತಮ್ಮ ಭಾಷೆದೊಂದು ನಿಘಂಟು ಬರೀತಿರ್ತಾನೆ, ಒಂದೊಂದು ಶಬ್ದಕ್ಕೂ ಅರ್ಥದ ಜಾಗದಲ್ಲಿ ಒಂದೊಂದು ನೆನಪು. ಅಜ್ಜ ತೀರಿಹೋದ ಸುದ್ದಿ ಕೇಳಿ ಮೊಮ್ಮಗಳು ಪರದೇಶದಿಂದ ಬರೋ ಹೊತ್ತಿಗೆ ಅವರ ನೆಲಕ್ಕೆ ಗಣಿ ಕಂಪನಿ ಬಂದಿರತ್ತೆ.

ಪುಸ್ತಕದ ಶುರುವಲ್ಲೇ ಬರೋ ಶಬ್ದ 'ಙುರಂಬಂಗ್', ಅಂದ್ರೆ ನಮ್ಮ ನೆಲ, ನಮ್ಮೂರು. ಇಂಗ್ಲಿಷಿನವರು ಅಲ್ಲೇ ಎಡವ್ತಾರೆ. ನಾವು ಒಂದನೇ ಕ್ಲಾಸಲ್ಲಿ ಅಕ್ಕೋರ ಮುಂದೆ ನಿಂತು ಕ ಖ ಗ ಘ ಙ ಅಂತ ಒದರಿದೋರು, ಆ ಙ ಎಲ್ಲಿ ಉಪಯೋಗಕ್ಕೆ ಬರತ್ತೆ ಅಂತ ಗೊತ್ತೇ ಇರ್ಲಿಲ್ಲ. ನಾನು ಆ ಪುಟನ ಗಟ್ಟಿಯಾಗಿ ಓದಿದೆ, ಎರಡು ಸಲ. ನಮ್ಮದು ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟ ಮನೆ. ನನ್ನಜ್ಜಿ ಕೊನೆತನಕ ಹೊಸ ಮನೆಗೆ 'ಮನೆ' ಅನ್ಲಿಲ್ಲ, 'ಕಾಲನಿ' ಅಂತಿದ್ಲು. ನಮ್ಮ ಕಡೆ ನೆಲ ಬಿಟ್ಟ ಮನೆಗಳು ಕಮ್ಮಿ ಇಲ್ಲ, ನಿಮ್ಮಲ್ಲೂ ಅಂಥ ಓದುಗ್ರು ಇದ್ದೇ ಇರ್ತಾರೆ, ಅವರಿಗೆ ಕೊಡಿ.

ಸಿರ್ಸಿ ಓದುಗ:
ಕಾರವಾರದ ಮೇಡಂ ಹೇಳಿದ್ದಕ್ಕೆ ಇನ್ನೊಂದು ಸೇರಿಸ್ತೆ. ಎಲ್ಲರೂ ಸಾಮಾನ್ಯವಾಗಿ ಹೇಳೋದು ಕೇಟ್ ಗ್ರೆನ್ವಿಲ್ ಅವರ 'ದ ಸೀಕ್ರೆಟ್ ರಿವರ್' (2005). ಲಂಡನ್ನಿನ ಬಡ ದೋಣಿಯವ, ಕಳ್ಳತನದ ಶಿಕ್ಷೆಗೆ ಸಿಡ್ನಿಗೆ ಸಾಗಿಸಲ್ಪಟ್ಟು, ಹಾಕ್ಸ್‌ಬರಿ ನದಿ ದಂಡೆ ಜಾಗನ ತನ್ನದು ಅಂತ ಹಿಡ್ಕೊಳ್ತಾನೆ, ಅಲ್ಲಿ ಮೊದಲಿಂದ ಇದ್ದವರ ಹತ್ಯೆಲಿ ಕೈ ಸೇರಿಸ್ತಾನೆ. ಒಳ್ಳೆ ಕಾದಂಬರಿ ಹೌದು, ಆದ್ರೆ ಹಿಡ್ಕೊಂಡವನ ಕಣ್ಣಿಂದ ಬರೆದಿದ್ದು. ಇದೊಂದೇ ಇಡ್ಬೇಡಿ, ಪಕ್ಕದಲ್ಲಿ ಕಿಮ್ ಸ್ಕಾಟ್ ಅವರ 'ದಟ್ ಡೆಡ್‌ಮ್ಯಾನ್ ಡಾನ್ಸ್' (2010) ಇಡಿ. ಅವರು ಅಲ್ಲಿನ ಮೂಲ ಜನಾಂಗದವರು, ನೂಂಗಾರ್. ತಿಮಿಂಗಿಲ ಬೇಟೆ ದೋಣಿಗಳು ಬಂದ ಹೊಸತರಲ್ಲಿ ಎರಡೂ ಕಡೆಯವರು ಕೂಡಿ ಬದುಕೋ ಸಾಧ್ಯತೆ ಇತ್ತು, ಅದು ಹೇಗೆ ಕೈತಪ್ಪಿ ಹೋಯ್ತು ಅನ್ನೋದು ಕಥೆ. ಇಂಗ್ಲಿಷ್ ಸ್ವಲ್ಪ ನಿಧಾನ ಹಿಡಿಯತ್ತೆ. ಆ ನೆಲ ಯಾರದೂ ಆಗಿರ್ಲಿಲ್ಲ ಅನ್ನೋ ವಾದನ ಅಲ್ಲಿನ ಹೈಕೋರ್ಟು ತಳ್ಳಿಹಾಕಿದ್ದೇ 1992ರಲ್ಲಿ, ಮಾಬೋ ಕೇಸಲ್ಲಿ. ಅಣೆಕಟ್ಟಿಗೆ ನೆಲ ಕಳ್ಕೊಂಡೋರ ಕಥೆ ಹೇಳೋ ನಾ. ಡಿಸೋಜ ಅವರ 'ಮುಳುಗಡೆ', 'ದ್ವೀಪ' ಓದಿದೋರು ನಿಮ್ಮಲ್ಲಿದ್ರೆ ಅವರಿಗೆ ಇವೆರಡನ್ನ ಒಟ್ಟಿಗೇ ಕೊಡಿ.

ಮಕ್ಕಳು ಅಲ್ಲಿರೋ ತಾಯಂದಿರಿಗೆ ಶಂಕರಿ ಚಂದ್ರನ್ ಅವರ 'ಚಾಯ್ ಟೈಮ್ ಅಟ್ ಸಿನಮನ್ ಗಾರ್ಡನ್ಸ್', 2023ರ ಮೈಲ್ಸ್ ಫ್ರಾಂಕ್ಲಿನ್. ಸಿಡ್ನಿಲಿ ಶ್ರೀಲಂಕಾದ ತಮಿಳರು ನಡೆಸೋ ವೃದ್ಧಾಶ್ರಮದ ಕಥೆ. ಹೆಸರು ನೋಡಿ ಹಗುರ ಅನ್ಕೋಬೇಡಿ, ಯುದ್ಧದ ನೋವು ತುಂಬಾ ಇದೆ.

ಹೊಳೆಸಾಲು:
ಎಲ್ಲರಿಗೂ ಕೈ ಮುಗೀತೆ. ಪಟ್ಟಿ ಬರ್ಕೊಂಡೆ: ಬ್ಲೂಬ್ಯಾಕ್ ಎರಡು ಪ್ರತಿ, ದ ಡ್ರೈ, ದ ಯೀಲ್ಡ್, ಸಿರ್ಸಿಯವರು ಹೇಳಿದ ಜೋಡಿ. ಚಾಯ್ ಟೈಮ್ ಮುಂದಿನ ಕಂತಲ್ಲಿ. ಆದ್ರೆ ಮಾಸ್ತರ್ರು ಹೊರಡೋದು ಬರೋ ಮಂಗಳವಾರ, ಅಷ್ಟರೊಳಗೆ ಪುಸ್ತಕ ಬರೋ ಹಾಗೆ ಕಾಣಲ್ಲ.

ಮಿರ್ಜಾನಿನವ:
ನನ್ನ ಬ್ಲೂಬ್ಯಾಕ್ ಇದೆ ಅಕ್ಕಾ, ಅಂಚೆಲ್ಲ ಮಳೆಗಾಲದ ತಂಪಿಗೆ ಸ್ವಲ್ಪ ಮುಗ್ಗಿದೆ, ಅಕ್ಷರ ಸ್ಪಷ್ಟ ಇದೆ. ಶನಿವಾರ ಬೈಕಲ್ಲಿ ಬಂದು ಕೊಟ್ಟು ಹೋಗ್ತೆ, ಮಾಸ್ತರ್ರು ಪರ್ತ್‌ಗೇ ತಗೊಂಡು ಹೋಗ್ಲಿ.