ಸಹಾಯ ಬೇಕು: ಹೊಸ ಸರ್ವರ್‌ನಲ್ಲಿ ಎಸ್‌ಕ್ಯೂಎಲ್ ಲಾಗಿನ್ ಆಗ್ತಾ ಇಲ್ಲ, ಎರರ್ 18456

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ನಮ್ಮ ಕಾಕಾರ ದಲಾಲಿ ಅಂಗಡಿ ಇದೆ. ಲೆಕ್ಕದ ಸಾಫ್ಟ್‌ವೇರ್ ಎಸ್‌ಕ್ಯೂಎಲ್ ಸರ್ವರ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್) ಮೇಲೆ ಓಡುತ್ತದೆ. ಹಳೇ ಕಂಪ್ಯೂಟರ್ ಕೈಕೊಟ್ಟಿತು. ಹೊಸದಕ್ಕೆ 2019ರ ಆವೃತ್ತಿ ಹಾಕಿ ಬ್ಯಾಕಪ್ ರಿಸ್ಟೋರ್ ಮಾಡಿದೆ. ಅಲ್ಲಿಂದ ಶುರುವಾಯಿತು ನೋಡಿ.

ಗಲ್ಲಾದ ಹತ್ತಿರದ ಕಂಪ್ಯೂಟರ್‌ನಲ್ಲಿ ‘ಲಾಗಿನ್ ಫೇಲ್ಡ್’, 18456. ಅಲ್ಲಿ ಸ್ಟೇಟ್ (ಎರರ್‌ನ ಕಾರಣ ಹೇಳುವ ಸಂಖ್ಯೆ) 1 ಅಂತಲೇ ತೋರಿಸುತ್ತದೆ, ಏನೂ ತಿಳಿಯುವುದಿಲ್ಲ. ಪಾಸ್‌ವರ್ಡ್ ಬದಲಿಸಿ ಬದಲಿಸಿ ಅರ್ಧ ದಿನ ಸುಮ್ನೆ ಹಾಳಾಯಿತು. ನಿಜವಾದ ಕಾರಣ ಸರ್ವರ್‌ನ ಎರರ್‌ಲಾಗ್ ಫೈಲ್‌ನಲ್ಲಿತ್ತು: ಸ್ಟೇಟ್ 58. ಅಂದರೆ ವಿಂಡೋಸ್ ಲಾಗಿನ್‌ಗೆ ಮಾತ್ರ ಅನುಮತಿ. ವಿಂಡೋಸ್ ಲಾಗಿನ್, ಎಸ್‌ಕ್ಯೂಎಲ್ ಲಾಗಿನ್ ಎರಡನ್ನೂ ಬಿಡುವ ಮಿಕ್ಸ್‌ಡ್ ಮೋಡ್ ಮಾಡಿದೆ. ಸರ್ವಿಸ್ ರೀಸ್ಟಾರ್ಟ್ ಮಾಡುವುದು ಮರೆತು ಇನ್ನೊಂದು ತಾಸು ನನ್ನನ್ನೇ ಬೈದುಕೊಂಡೆ.

ಈಗ ಸ್ಟೇಟ್ 38, ಡೇಟಾಬೇಸ್ ತೆರೆಯಲು ಆಗುತ್ತಿಲ್ಲ ಅಂತ. ಬೇರೆ ಕಂಪ್ಯೂಟರ್‌ನಿಂದ ಸರ್ವರ್‌ಗೆ ಬರುವ ದಾರಿ, ಪೋರ್ಟ್ 1433, ತೆರೆದಿದೆ, ಡೇಟಾಬೇಸ್ ಹೆಸರೂ ಸರಿ ಇದೆ. ಎಸ್‌ಎ (ಸರ್ವರ್‌ನ ಪೂರ್ತಿ ಅಧಿಕಾರದ ಅಡ್ಮಿನ್) ಲಾಗಿನ್‌ನಿಂದ ಹೋದರೆ ಎಲ್ಲಾ ಟೇಬಲ್‌ಗಳೂ ಕಾಣುತ್ತವೆ. ನನ್ನ ಅನುಮಾನ ಇಷ್ಟು: ಬ್ಯಾಕಪ್ ಜೊತೆ ಯೂಸರ್ (ಡೇಟಾಬೇಸ್ ಒಳಗಿನ ಖಾತೆ) ಬಂದಿದೆ, ಆದರೆ ಲಾಗಿನ್ (ಸರ್ವರ್‌ಗೆ ಒಳಬರುವ ಖಾತೆ) ಇರುವುದು ಸರ್ವರ್‌ನದೇ ಆದ ಮಾಸ್ಟರ್ ಡೇಟಾಬೇಸ್‌ನಲ್ಲಿ, ಅದು ಹಳೇ ಕಂಪ್ಯೂಟರ್ ಜೊತೆಗೇ ಹೋಯಿತು. ನಾನು ಅದೇ ಹೆಸರಲ್ಲಿ ಹೊಸ ಲಾಗಿನ್ ಮಾಡಿದೆ. ಹೆಸರು ಒಂದೇ, ಎಸ್‌ಐಡಿ (ಸರ್ವರ್ ಒಳಗೆ ಕೊಡುವ ಗುರುತಿನ ಸಂಖ್ಯೆ) ಬೇರೆ. ‘ಆಲ್ಟರ್ ಯೂಸರ್’ ಕಮಾಂಡ್ ಕೊಟ್ಟು ‘ವಿತ್ ಲಾಗಿನ್’ ಅಂದರೆ ಎರಡೂ ಜೋಡಿಯಾಗುತ್ತವೆ ಅಲ್ವಾ? ಹಳೇ ಪರ್ಮಿಷನ್‌ಗಳು ಹಾಗೇ ಉಳಿಯುತ್ತವಾ? ಮಾಡಿದವರು ಯಾರಾದರೂ ಇದ್ದೀರಾ?

ಎಸ್‌ಎ ಪಾಸ್‌ವರ್ಡನ್ನೇ ಸಾಫ್ಟ್‌ವೇರ್‌ಗೆ ಕೊಟ್ಟುಬಿಡು ಅಂತ ಒಬ್ಬರು ಹೇಳಿದರು. ಅದು ಮಾತ್ರ ಬೇಡ. ಕಾಕಾ ಸದ್ಯಕ್ಕೆ ಮೆಣಸಿನಕಾಯಿ ಪಟ್ಟಿ ಕೈಯಲ್ಲೇ ಬರೆಯುತ್ತಿದ್ದಾರೆ, ಪ್ರತಿ ಪಟ್ಟಿಗೊಮ್ಮೆ ನನ್ನ ಕಡೆ ನೋಡುತ್ತಾರೆ.