ಅಪ್‌ಡೇಟ್: ನೆಗಡಿಯ ಮುಖನೋವು ಕೊನೆಗೂ ಇಳಿಯಿತು

ನಾಲ್ಕು ದಿನದ ಹಿಂದೆ ಕೇಳಿದ್ದೆ: ನೆಗಡಿ ಶುರುವಾಗಿ 6 ದಿನ, ಬಗ್ಗಿದರೆ ಹಣೆ, ಕೆನ್ನೆ ಸಿಡಿಯುತ್ತದೆ, ಮೇಲಿನ ಹಲ್ಲೂ ನೋಯುತ್ತದೆ, ಏನು ಮಾಡಲಿ ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಹಲ್ಲು ಹುಳುಕಾಗಿದೆ ಅಂದುಕೊಂಡಿದ್ದೆ. ತೀರ್ಥಹಳ್ಳಿಯಲ್ಲಿ ಡಾಕ್ಟರಿಗೆ ತೋರಿಸಿದೆ. ಕೆನ್ನೆಯ ಸೈನಸ್ (ಮೂಳೆಯೊಳಗಿನ ಗಾಳಿ ತುಂಬಿದ ಪೊಳ್ಳು) ಇರುವುದೇ ಮೇಲಿನ ದವಡೆ ಹಲ್ಲಿನ ಬೇರಿನ ಮೇಲಂತೆ. ಅದು ಊದಿಕೊಂಡರೆ ಹಲ್ಲೂ ನೋಯುತ್ತದೆ. ಆಂಟಿಬಯೋಟಿಕ್ ಕೊಡಲಿಲ್ಲ. ವೈರಸ್ ನೆಗಡಿಗೆ ಅದು ಕೆಲಸ ಮಾಡಲ್ಲ, ಪ್ಯಾರಾಸಿಟಮಾಲ್ ಸಾಕು ಅಂದರು.

ನಿಜವಾಗಿ ಹಿಡಿದಿದ್ದು ಉಪ್ಪುನೀರಲ್ಲಿ ಮೂಗು ತೊಳೆಯುವುದು. ಕಾಲು ಲೀಟರ್ ಬೆಚ್ಚಗಿನ ನೀರು, ಅರ್ಧ ಟೀ ಚಮಚ ಉಪ್ಪು, ಚಿಟಿಕೆ ಅಡುಗೆ ಸೋಡಾ. ಸಿಂಕಿಗೆ ಬಗ್ಗಿ ಒಂದು ಹೊಳ್ಳೆಯಿಂದ ಬಿಟ್ಟರೆ ಇನ್ನೊಂದರಿಂದ ಬರುತ್ತದೆ. ಮೊದಲ ಸಲ ಮುಳುಗಿದ ಹಾಗೆ ಆಯಿತು! ಬಾಯಲ್ಲಿ ಉಸಿರಾಡಬೇಕು, ಅಷ್ಟೇ. ಈ ಮಳೆಗಾಲದಲ್ಲಿ ನಮ್ಮ ಬಾವಿ ನೀರು ಕೆಂಪು. ಬಾವಿಯದೋ ನಲ್ಲಿಯದೋ, ಕುದಿಸಿ ಆರಿಸದೆ ಮೂಗಿಗೆ ಹಾಕಬೇಡಿ.

ಮೂಗಿನ ಡ್ರಾಪ್ಸ್ (ಆಕ್ಸಿಮೆಟಾಜೋಲಿನ್) ರಾತ್ರಿ ಮಾತ್ರ ಹಾಕಿದೆ, 3 ದಿನಕ್ಕೆ ನಿಲ್ಲಿಸಿದೆ. ಜಾಸ್ತಿ ದಿನ ಹಾಕಿದರೆ ಮೂಗು ಮತ್ತೆ ಕಟ್ಟುತ್ತದಂತೆ. ಹಬೆಯಿಂದ ಅರ್ಧ ಗಂಟೆ ಹಾಯೆನಿಸಿತು. ಪಾತ್ರೆ ಮೈಮೇಲೆ ಮಗುಚುವ ಭಯ ಬೇರೆ, ಹಾಗಾಗಿ ಬಚ್ಚಲ ಹಂಡೆಯ ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಕೆನ್ನೆಗೆ ಇಟ್ಟುಕೊಂಡೆ. ಅಮ್ಮನ ಕಾಳುಮೆಣಸಿನ ಕಷಾಯ ಗಂಟಲಿಗೆ ಹಿತ. ಮೂಗಿಗೆ ಏನೂ ಆಗಲಿಲ್ಲ, ಅಮ್ಮನಿಗೆ ಹೇಳಿಲ್ಲ.

10 ದಿನವಾದರೂ ಇಳಿಯದಿದ್ದರೆ, ಜ್ವರ ಏರಿದರೆ, ಕಣ್ಣಿನ ಸುತ್ತ ಊದಿದರೆ ಮತ್ತೆ ಬರಲು ಹೇಳಿದ್ದಾರೆ. ಇವತ್ತು 10ನೇ ದಿನ. ಬೆಳಿಗ್ಗೆ ಬಗ್ಗಿ ಅಂಗಳ ಗುಡಿಸಿದೆ, ನೋವಿಲ್ಲ. ಮೂಗು ಮಾತ್ರ ಇನ್ನೂ ಸೋರುತ್ತಿದೆ, ನಮ್ಮ ಹೆಂಚಿನ ಮಾಡಿನ ಹಾಗೆ.