ಸಹಾಯ ಬೇಕು: ಒಳ್ಳೆಯ ಸ್ಟೀಲ್ ಚಮಚ, ಫೋರ್ಕ್ ಸೆಟ್ ಆರಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಮನೆಗೆ ಹೊಸ ಚಮಚ, ಫೋರ್ಕ್, ಟೇಬಲ್ ಚಾಕುಗಳ ಸೆಟ್ ತಗೋಬೇಕು ಅಂತಿದ್ದೇನೆ. ಈಗಿರುವ ಚಮಚಗಳು ತುಂಬಾ ತೆಳು, ಸ್ವಲ್ಪ ಒತ್ತಿದರೂ ಕತ್ತಿನ ಹತ್ತಿರ ಬಾಗುತ್ತವೆ. ಫೋರ್ಕಿನ ಹಲ್ಲುಗಳ ಸಂದಿಯಲ್ಲಿ ಬೆರಳಾಡಿಸಿದರೆ ಒರಟು, ತರಿತರಿ. ಬಾಯಿಗೆ ಇಡುವ ವಸ್ತು ಹೀಗಿದ್ದರೆ ಹೇಗೆ ಅಲ್ವಾ?

ಸ್ವಲ್ಪ ಓದಿಕೊಂಡಿದ್ದೇನೆ. ಸ್ಟೀಲ್‌ನ ಬಗೆ ಹೇಳೋಕೆ ಬರೆಯುವ 18/10 ಅಂದರೆ ಅದರಲ್ಲಿ ಸುಮಾರು 18% ಕ್ರೋಮಿಯಂ, 10% ನಿಕ್ಕಲ್. 18/0 ಸ್ಟೀಲ್‌ನಲ್ಲಿ ನಿಕ್ಕಲ್ ಇರುವುದಿಲ್ಲ ಅನ್ನಬಹುದು, ಅದಕ್ಕೆ ಅಯಸ್ಕಾಂತ ಚೆನ್ನಾಗಿ ಹಿಡಿಯುತ್ತದೆ. ತುಕ್ಕಿನ ಚುಕ್ಕೆಯೂ ಬೇಗ ಬರುತ್ತದೆ. ಚಾಕುವಿನ ಅಲಗಿನ ಲೆಕ್ಕ ಬೇರೆ. ಅದು ಗಟ್ಟಿಯಾಗಿರಬೇಕು ಅಂತ ಬೇರೆ ಬಗೆಯ ಸ್ಟೀಲ್ ಹಾಕುತ್ತಾರೆ, ಹಾಗಾಗಿ ಅಯಸ್ಕಾಂತ ಅಂಟಿದರೆ ಸುಮ್ನೆ ಕಳಪೆ ಅನ್ನೋ ಹಾಗಿಲ್ಲ.

ಈಗ ಬಳಸುತ್ತಿರುವವರು ದಯವಿಟ್ಟು ಹೇಳಿ. ದಿನಾ ತೊಳೆದು ಬಳಸಲು 18/8 ಸಾಕಾ, 18/10 ಬೇಕೇ ಬೇಕಾ? ಕನ್ನಡಿ ಹೊಳಪಿನದರಲ್ಲಿ ಗೀರು ಜಾಸ್ತಿ ಕಾಣುತ್ತಾ? ಚಮಚದ ದಪ್ಪ ಎಷ್ಟು ಮಿಲಿಮೀಟರ್ ಇದ್ದರೆ ಬಾಗಲ್ಲ? ಟೊಳ್ಳು ಹಿಡಿಯ ಚಾಕು ವರ್ಷಗಟ್ಟಲೆ ಬಳಸಿದವರಿದ್ದರೆ, ಹಿಡಿಯ ಒಳಗೆ ನೀರು ಸೇರುತ್ತಾ ಅಂತಲೂ ತಿಳಿಸಿ. ಒಂದೇ ಸಲ ತಗೊಂಡು ತುಂಬಾ ವರ್ಷ ಇಟ್ಟುಕೊಳ್ಳುವ ಆಸೆ ನನಗೆ.